ನನ್ನ ದನಿ ಕೂಗಿದ ಹೆಸರು

ಮಕ್ಕಳೇ, ದೆವ್ವ, ಶಕುನ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ಓದಿದ್ದು ಹಳ್ಳಿಯ ಶಾಲೆಯಲ್ಲಾದರೂ ಅಷ್ಟು ಬುದ್ಧಿ ನನಗಿತ್ತು. ಯಂತ್ರ ಮಾತನಾಡುತ್ತದೆ ಎನ್ನುವುದನ್ನಂತೂ ಇನ್ನೂ ಕಡಿಮೆ ನಂಬಿದ್ದೆ. ನಮ್ಮ ಮನೆಯ ಮಿಕ್ಸಿ ಅಷ್ಟು ಸದ್ದು ಮಾಡಿ ಕೊನೆಗೆ ಚಟ್ನಿಯನ್ನಾದರೂ ಕೊಡುತ್ತದೆ. ವಿಶ್ವವಿದ್ಯಾಲಯದವರ ಯಂತ್ರ ಕೊಡುವುದು ಸದ್ದು ಮಾತ್ರ. ಈಗಲೂ ಅದರ ಮೇಲೆ ನನಗೆ ಗೌರವವಿಲ್ಲ. ಆದರೆ ಒಂದು ಮಧ್ಯಾಹ್ನ ನಡೆದದ್ದನ್ನು ನಿಮಗೆ ಹೇಳದೆ ಇರಲಾರೆ.

ಬೆಂಗಳೂರಿನ ಕೋಗಿಲಿನಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಗದಗದ ಕಡೆಯ ಶೈಲಾ ಬಾಡಿಗೆಗಿದ್ದಾಳಲ್ಲ, ಅವಳು ಯಲಹಂಕದಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧನೆ ಮಾಡುತ್ತಾಳೆ. ಹಳ್ಳಿಯ ಹೆಂಗಸರ ಮಾತನ್ನು ಯಂತ್ರಕ್ಕೆ ಕಲಿಸುವುದು ಅವಳ ಕೆಲಸ. "ಅಜ್ಜಿ, ನಿಮ್ಮಂಗ ಮಾತಾಡೋರು ಮುಂದ ಸಿಗಂಗಿಲ್ರಿ. ಒಂದೀಟು ಬರ್ರಿ" ಎಂದು ಗಂಟುಬಿದ್ದಳು. ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ ನಾನು. ಅಲ್ಲಿ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆಯಲ್ಲಿ ಒಬ್ಬಳೇ ಕೂತು ಮಾತನಾಡಿದರೆ ಸಾಕು ಎಂದದ್ದಕ್ಕೆ ಒಪ್ಪಿದೆ.

ಕೋಳಿಯನ್ನು ಹೇಗೆ ಕರೆಯುತ್ತೀರಿ, ಸೊಸೆಯನ್ನು ಹೇಗೆ ಬಯ್ಯುತ್ತೀರಿ, ಮುದ್ದೆ ಹೇಗೆ ತೊಳಸುತ್ತೀರಿ ಎಂದೆಲ್ಲ ಹೇಳಿಸಿದರು. ದೊಡ್ಡ ಓದು ಓದಿದವರಿಗೆ ಬೇಕಾದದ್ದು ಇದು. ಅವರ ಪ್ರೊಫೆಸರು ಒಬ್ಬರಿದ್ದರು. ಸಂತೆಯಲ್ಲಿ ಹಸು ನೋಡುವವರ ಹಾಗೆ ನನ್ನನ್ನು ನೋಡಿ, ನನ್ನೆದುರಿಗೇ ಶೈಲಾಗೆ, "ಒಳ್ಳೆ ಸ್ಯಾಂಪಲ್. ಹಲ್ಲು ಕೂಡ ಇವೆ, ಉಚ್ಚಾರಣೆ ಕ್ಲಿಯರ್ ಆಗಿದೆ" ಎಂದರು.

ಒಂದು ದಿನ ಶೈಲಾ, "ಮನೆಯವರ ಹೆಸರು ಹಿಡದು ಊಟಕ್ಕ ಕರೀರಿ ಅಜ್ಜಿ" ಎಂದಳು.

"ಅದು ಆಗಕ್ಕಿಲ್ಲ ಕಣವ್ವ" ಎಂದೆ. ಗಂಡನ ಹೆಸರನ್ನು ನಾವು ಹೇಳುವವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದಾಗಲೂ ಪಕ್ಕದವಳ ಬಾಯಲ್ಲಿ ಹೇಳಿಸುತ್ತಿದ್ದೆ.

"ಅವರು ಹೋಗಿ ವರ್ಷಗಳಾಯ್ತಲ್ಲಮ್ಮ, ಇನ್ನೇನು ಭಯ?" ಎಂದು ಪ್ರೊಫೆಸರು ನಕ್ಕರು. ಇಂಥವರಿಗೆ ಉತ್ತರ ಕೊಟ್ಟು ನನ್ನ ಬಾಯಿ ಯಾಕೆ ನೋಯಿಸಿಕೊಳ್ಳಲಿ? ಜೀವಮಾನವೆಲ್ಲ ಕರೆದ ಹಾಗೆ ಮಗನ ಹೆಸರು ಹಿಡಿದು, "ರವಿ ಅಪ್ಪಾ, ಊಟಕ್ಕೆ ಬನ್ನಿ" ಎಂದು ಹೇಳಿ ಎದ್ದು ಬಂದೆ.

ಕೆಲವು ತಿಂಗಳ ಮೇಲೆ ಯಂತ್ರವನ್ನು ಅತಿಥಿಗಳಿಗೆ ತೋರಿಸುವ ದಿನ ಬಂತು. ನನ್ನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಬರೆದುಕೊಟ್ಟದ್ದನ್ನು ಅದು ನನ್ನ ದನಿಯಲ್ಲಿ ಹೇಳಬೇಕಂತೆ. ಶೈಲಾ "ಊಟ ಆರೋಗ್ತದೆ, ಬನ್ನಿ" ಎಂದು ಕೀಲಿಮಣೆಯಲ್ಲಿ ಒತ್ತಿದ್ದು ಪರದೆಯ ಮೇಲೆ ಅಕ್ಷರವಾಗಿ ಕಾಣಿಸಿತು. ಯಂತ್ರ ನನ್ನ ದನಿಯಲ್ಲಿ ಮೊದಲು ಒಂದು ಹೆಸರು ಕೂಗಿತು. ಆಮೇಲೆ, "ಊಟ ಆರೋಗ್ತದೆ, ಬಾರೋ" ಎಂದಿತು.

ಅದು ನಿಮ್ಮ ತಾತನ ಹೆಸರು. ಕಾಗದಪತ್ರದಲ್ಲಿರುವ ಹೆಸರಲ್ಲ; ಬಾಗಲೂರಿನ ಮನೆಯಲ್ಲಿ ಅವರ ತಾಯಿಯೊಬ್ಬರೇ ಕರೆಯುತ್ತಿದ್ದ ಹೆಸರು. ನಾನು ಮದುವೆಯಾಗಿ ಬಂದ ಮರುವರ್ಷವೇ ಅತ್ತೆ ತೀರಿಕೊಂಡರು. ಆಮೇಲೆ ಯಾರೂ ನಿಮ್ಮ ತಾತನನ್ನು ಹಾಗೆ ಕರೆಯಲಿಲ್ಲ. ರವಿಗೂ ಅದು ಗೊತ್ತಿಲ್ಲ. ನಾನು ಒಬ್ಬಳೇ ಇದ್ದಾಗಲೂ ಅದನ್ನು ನಾಲಿಗೆಗೆ ತಂದವಳಲ್ಲ. ಕೇಳಿದ್ದು ಅತ್ತೆಯ ಎಳೆದ ರಾಗವೇ, ದನಿ ಮಾತ್ರ ನನ್ನದು.

ಅತಿಥಿಗಳು ನಕ್ಕರು. "ಇಲ್ಲದ್ದನ್ನ ಸೇರಿಸಿ ಹೇಳೋದು ಈ ಮಾಡೆಲ್‌ಗಳ ಚಾಳಿ. ಅದು ಕಸ, ಬಿಡಿ. ಮುಂದಿನದು ಹಾಕಿ ಶೈಲಾ" ಎಂದರು ಪ್ರೊಫೆಸರು.

ಅಷ್ಟು ಜನರೆದುರು ನಾನು ಎದ್ದು ನಿಂತಿದ್ದೆ. "ಇರವ್ವ. ಇನ್ನೊಂದ್ ಕಿತ ಕೇಳ್ಸು" ಎಂದೆ.

ಪಾಪ, ಅವಳು ಮತ್ತೆ ಒತ್ತಿದಳು. "ಊಟ ಆರೋಗ್ತದೆ, ಬನ್ನಿ." ಹೆಸರಿಲ್ಲ. ಮತ್ತೆ ಒತ್ತಿದಳು. ಬರೆದಷ್ಟನ್ನೇ ಗಿಣಿಯ ಹಾಗೆ ಒಪ್ಪಿಸಿತು. ಮೊದಲ ಸಲದ ಸದ್ದನ್ನು ಉಳಿಸಿಕೊಂಡಿರಲಿಲ್ಲವಂತೆ. ಮನೆಯಷ್ಟು ದೊಡ್ಡ ಯಂತ್ರ ಇಟ್ಟುಕೊಂಡವರ ಕೈಲಿ ಒಂದು ಹೆಸರು ಉಳಿಸಿಕೊಳ್ಳುವುದಕ್ಕೆ ಆಗಲಿಲ್ಲ.

ಅದು ಯಾರ ಹೆಸರೆಂದು ಆಮೇಲೆ ಶೈಲಾಗೊಬ್ಬಳಿಗೆ ಹೇಳಿದೆ. ಅವಳು ಅದಕ್ಕಾಗಿ, ದನಿ ಕೊಟ್ಟ ಎಲ್ಲ ಹೆಂಗಸರ ಮಾತನ್ನೂ ಜಾಲಾಡಿದಳು. "ಎಲ್ಲೂ ಇಲ್ರಿ ಅಜ್ಜಿ" ಎಂದಳು. ಅತ್ತೆಯ ರಾಗ ನನಗರಿವಿಲ್ಲದೆ ನನ್ನ ಮಾತಿಗೆ ಅಂಟಿಕೊಂಡಿರಬಹುದು, ಅಷ್ಟನ್ನು ಒಪ್ಪುತ್ತೇನೆ. ಹೆಸರು ಎಲ್ಲಿಂದ ಬಂತು? ಪ್ರೊಫೆಸರನ್ನು ಕೇಳಿದರೆ ಕಸ ಎನ್ನುತ್ತಾರೆ. ನನ್ನನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ. ಎರಡರಲ್ಲಿ ನನ್ನದೇ ವಾಸಿ.

ಆ ಹೆಸರನ್ನು ಇಲ್ಲಿ ನಾನು ಬರೆಯುವುದಿಲ್ಲ. ಬಾಯಿಬಿಡಬೇಡ ಎಂದು ಶೈಲಾಗೂ ಹೇಳಿದ್ದೇನೆ. ವಿಶ್ವವಿದ್ಯಾಲಯದವರು ಕರೆದಾಗಲೆಲ್ಲ ಈಗಲೂ ಹೋಗುತ್ತೇನೆ; ದನಿ ಕೊಡಲು ಬರುತ್ತೇನೆಂದು ಅವರು ತಿಳಿದಿದ್ದಾರೆ. ಕೆಲಸ ಮುಗಿದ ಮೇಲೆ ಶೈಲಾ ನಾನು ಕೇಳದೆಯೇ ಊಟಕ್ಕೆ ಕರೆಯುವ ಆ ಒಂದು ಮಾತನ್ನು ಒತ್ತುತ್ತಾಳೆ. ನಾನು ಸೆರಗು ಸರಿಮಾಡಿಕೊಂಡು ಕೂರುತ್ತೇನೆ. ಆ ದರಿದ್ರ ಯಂತ್ರ ಬರೆದಷ್ಟೇ ಹೇಳುತ್ತದೆ.