ಹತ್ತಿ ಕೋಣೆಯ ಹುಳ

ನಮ್ಮ ಕಡೆ ಹಳೆಯ ಮಂದಿ ಹಾವಿನ ಹೆಸರು ಹೇಳುವುದಿಲ್ಲ, ಹುಳ ಎನ್ನುತ್ತಾರೆ. ಹೆಸರೆತ್ತಿದರೆ ಅದಕ್ಕೆ ಕೇಳಿಸುತ್ತದಂತೆ. ಕಾಡುಪ್ರಾಣಿಗಳನ್ನು ಕಾಪಾಡುವ ನಮ್ಮ ಪುಟ್ಟ ಸಂಸ್ಥೆಗೆ ಬರುವ ಫೋನುಗಳನ್ನು ಮಾಳಮಡ್ಡಿಯ ನನ್ನ ಮನೆಯಲ್ಲಿ ಕೂತು ನಾನೇ ಎತ್ತುತ್ತೇನೆ. ಜಿರಳೆಗೂ ಹುಳವೆಂದು ಫೋನ್ ಮಾಡುವವರಿದ್ದಾರೆ, ಅಂಥವರನ್ನು ಬೈದು ಇಟ್ಟದ್ದೂ ಉಂಟು. ಶಿರಗುಪ್ಪಿಯಿಂದ ಫೋನ್ ಮಾಡಿದ ಅಜ್ಜಿಯ ದನಿ ಕೇಳಿ ಮಾತ್ರ ಕೂತಲ್ಲಿಂದ ಎದ್ದು ನಿಂತೆ.

“ಹತ್ತಿ ಕ್ವಾಣ್ಯಾಗ ಹುಳ ಹೊಕ್ಕೈತ್ರಿ. ಅದರ ಒಳಗಿನ ಕ್ವಾಣ್ಯಾಗ ನಮ್ಮ ಸೊಸಿ ಅದಾಳ್ರಿ, ಹಸಿ ಬಾಣಂತಿ. ಲಗೂ ಬರ್ರಿ.”

ನಮ್ಮಲ್ಲಿ ಹಾವು ಹಿಡಿಯುವವರು ದೇಶಪಾಂಡೆ ನಗರದಲ್ಲಿ ಗ್ಯಾರೇಜು ಇಟ್ಟಿರುವ ಭಾಯಿ. ಅವರ ಬೈಕಿನ ಹಿಂದೆ ಕೂತು ಹೋದೆ. ದರ ಏರಲೆಂದು ಮಳೆಗಾಲ ಬಾಗಿಲಿಗೆ ಬಂದರೂ ಮಾರದೆ ಇಟ್ಟ ಹತ್ತಿಯನ್ನು ಮುಂದಿನ ಕೋಣೆಯಲ್ಲಿ ಜಂತಿಯವರೆಗೆ ಒಟ್ಟಿದ್ದರು. ಅದರ ಪಕ್ಕದ ಕಿರಿದಾದ ಜಾಗದಿಂದಲೇ ಬಾಣಂತಿಯ ಕೋಣೆಗೆ ದಾರಿ, ಬೇರೆ ಬಾಗಿಲಿಲ್ಲ, ಕಿಟಕಿಗೆ ಕಬ್ಬಿಣದ ಸರಳು. ಅಂಗಳದಲ್ಲಿ ಅರ್ಧ ಊರು ಮೊಬೈಲ್ ಎತ್ತಿ ನಿಂತಿತ್ತು. ನನಗೆ ಮೈಯೆಲ್ಲ ಉರಿಯಿತು. “ಸಿನಿಮಾ ಐತೇನ್ ಇಲ್ಲೆ?” ಎಂದು ಗದರಿಸಿ ಎಲ್ಲರನ್ನೂ ಹೊರಗೆ ಅಟ್ಟಿದೆ.

ಕಿಟಕಿಯಲ್ಲಿ ಇಣುಕಿದರೆ, ಸೊಸೆ ಮಂಚದ ಮೇಲೆ ಕೂಸನ್ನು ಅವಚಿಕೊಂಡು ಕೂತಿದ್ದಳು. ಇನ್ನೂ ಹುಡುಗಿ. ಕೂಸಿಗೆ ಹೆಸರು ಕೂಡ ಇಟ್ಟಿರಲಿಲ್ಲ.

“ಕಾಲ ಕೆಳಗ ಇಡಬ್ಯಾಡವಾ,” ಎಂದೆ.

“ಇಲ್ಲರೀ ಅಕ್ಕಾರ,” ಎಂದಳು.

ತೆರೆದ ಒಳಬಾಗಿಲಿನಾಚೆ ಭಾಯಿ ಕೊಕ್ಕೆಯಿಂದ ಹತ್ತಿಯನ್ನು ಎಳೆದೆಳೆದು ನೆಲಕ್ಕೆ ಹರವುತ್ತಿದ್ದರು. ಬಹಳ ಹೊತ್ತು ಇಲಿಯ ಹಿಕ್ಕೆ ಬಿಟ್ಟರೆ ಏನೂ ಸಿಗಲಿಲ್ಲ. ಆಮೇಲೆ ರಾಶಿಯೊಳಗಿಂದ ಕುಕ್ಕರಿನ ಉಗಿಯಂಥ ಸದ್ದು ಬಂತು. ಬಂದದ್ದು ನಿಲ್ಲಲೇ ಇಲ್ಲ.

“ಕೊಳಕಮಂಡಲ,” ಎಂದರು ಭಾಯಿ, ಹೆಸರು ಹಿಡಿದೇ. ಕಿಟಕಿಯ ಹತ್ತಿರ ನನ್ನ ಪಕ್ಕ ನಿಂತಿದ್ದ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡಳು.

ಕೊಕ್ಕೆಯಿಂದ ಚೀಲದ ಬಾಯಿಗೆ ಕಟ್ಟಿದ ಪೈಪಿಗೆ, ಪೈಪಿನಿಂದ ಚೀಲಕ್ಕೆ ಹಾವು ಇಳಿಯುವತನಕ ನಾನು ಕಿಟಕಿಯ ಸರಳು ಬಿಡಲಿಲ್ಲ. ಚೀಲಕ್ಕೆ ಗಂಟು ಬಿದ್ದದ್ದೇ ತಡ, ಅಜ್ಜಿ ಹಿಗ್ಗಿ ಕೂಗಿದಳು: “ಹಿಡದ್ರು! ಹೊರಗ ಬಾ ನನ್ನವ್ವಾ!” ನಾನೂ ಕಿಟಕಿ ಬಿಟ್ಟು ಹತ್ತಿ ಕೋಣೆಯ ಹೊಸ್ತಿಲಿಗೆ ಓಡಿ ಬಂದೆ. ಭಾಯಿಯ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

“ಅಕ್ಕಾರ, ಇದರ ಹೊಟ್ಟಿ ಜೋತು ಬಿದ್ದೈತಿ. ಮರಿ ಹಾಕೈತಿ ಇದು. ಇಲ್ಲೇ ಹಾಕೈತಿ.”

ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ಮರಿಗಳನ್ನೇ ಹಾಕುತ್ತದೆ, ಹತ್ತಾರು. ಗೇಣುದ್ದದ ಮರಿಗೂ ಹುಟ್ಟುತ್ತಲೇ ವಿಷ.

ಅಷ್ಟರಲ್ಲಿ ಹುಡುಗಿ ಮಂಚ ಇಳಿದು ಬಂದೇ ಬಿಟ್ಟಿದ್ದಳು. “ನಿಂದ್ರವಾ! ಅಲ್ಲೇ ನಿಂದ್ರು!” ಎಂದು ಚೀರಿದೆ. ನಿಂತಳು. ಹರವಿದ ಹತ್ತಿಯ ನಡುವೆ, ಬರಿಗಾಲು, ಪಾದ ಕಾಣದಷ್ಟು ಹತ್ತಿ.

“ಅಕ್ಕಾರ,” ಎಂದಳು ಮೆಲ್ಲಗೆ, “ಕಾಲಿಗೆ ಏನೋ ತಣ್ಣಗ ಹತ್ತಾಕತ್ತೈತ್ರಿ.”

ಭಾಯಿ ಕೊಕ್ಕೆ ಹಿಡಿದು ಅವಳ ಪಾದದ ಹತ್ತಿರ ಮಂಡಿಯೂರಿದರು. ಅವಳು ಕೆಳಗೆ ನೋಡಲಿಲ್ಲ. ಕಾಲು ಕದಲಿಸದೆ, ಎರಡೂ ಕೈ ಚಾಚಿ ಕೂಸನ್ನು ನನ್ನ ಕಡೆ ಹಿಡಿದಳು.

“ಮೊದ್ಲ ಇದನ್ನ ಹಿಡೀರಿ.”

ಹೊಸ್ತಿಲಿನಿಂದ ಕೈಗೆ ಎಟುಕಲಿಲ್ಲ. ಹತ್ತಿಯೊಳಗೆ ಕಾಲಿಟ್ಟೆ.