ಬಣ್ಣ ಬಂದ ಚಹಾ

ಚಹಾಕ್ಕೆ ಇಷ್ಟು ಬಣ್ಣ ಎಲ್ಲಿಂದ ಬಂತು ಎಂಬ ಒಂದೇ ಯೋಚನೆ ನಾಲ್ಕು ದಿನದಿಂದ ಮಂಗಲಳನ್ನು ಬಿಟ್ಟಿರಲಿಲ್ಲ. ಕೂಸಿಗೆ ಎಣ್ಣೆ ಹಚ್ಚುವಾಗಲೂ ಅದೇ, ರೊಟ್ಟಿ ತಟ್ಟುವಾಗಲೂ ಅದೇ.

ಗಂಡ ಮುರಗೆಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು. ಕಬ್ಬಿನ ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಸುಮ್ಮನೆ ಕೂರುವುದು ಅವನ ಜಾಯಮಾನವಲ್ಲ. ತೊಂಬತ್ತರ ಮಳೆಗಾಲದಲ್ಲಿ ಯಾರೋ ಗೆಳೆಯನ ಮಾತು ಕೇಳಿ ನೀಲಗಿರಿ ಬೆಟ್ಟದ ಮೇಲಿನ ಒಂದು ಚಹಾ ತೋಟದ ಕಾರ್ಖಾನೆ ಸೇರಿದ. ಕಾಗದ ಬರೆಯುವ ರೂಢಿ ಅವನಿಗಿಲ್ಲ. ಎರಡು ತಿಂಗಳಿಗೊಮ್ಮೆ ನಿಪ್ಪಾಣಿಯ ತಂಬಾಕಿನ ಲಾರಿಯವರ ಕೈಯಲ್ಲಿ ಒಂದು ಚೀಲ ಚಹಾ ಕಳಿಸುತ್ತಿದ್ದ. ಮೈದುನ ಅಣ್ಣಾಸಾಬ ಹೋಗಿ ತರುತ್ತಿದ್ದ. ಚೀಲ ಬಂತೆಂದರೆ ಮುರಗೆಪ್ಪ ಆರಾಮ ಇದ್ದಾನೆ ಎಂದರ್ಥ.

ಆ ಚಹಾ ಶಿರಗುಪ್ಪಿಯ ಮನೆಯಲ್ಲಿ ಯಾರಿಗೂ ಸೇರಿರಲಿಲ್ಲ. ಉದ್ದನೆಯ, ತಿರುಚಿಕೊಂಡ ಕರಿ ಎಲೆ. ಎಷ್ಟು ಕುದಿಸಿದರೂ ಜೇನಿನ ಬಣ್ಣ, ಎಮ್ಮೆಯ ಹಾಲು ಬಿದ್ದರೆ ಅದೂ ಮಾಯ. ಅತ್ತೆ ಕೆಂಚವ್ವ ಚಹಾ ಸುರಿದುಕೊಂಡ ಬಸಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಇದೇನ ಚಾ ಬೇ, ಜಡ್ಡ ಬಿದ್ದವರ ಮಾರಿ ಇದ್ದಂಗ ಐತಿ. ನನ್ನ ಮಗಾ ಬೆಟ್ಟದ ಹುಲ್ಲ ಕೊಯ್ದು ಕಳಸ್ಯಾನ."

ಬೆಳಗಾವಿಯಲ್ಲಿ ಓದಿ ಬೆಳೆದ ಮಂಗಲ ಮಾತ್ರ ಅದನ್ನು ಹಾಲು ಹಾಕದೆ, ಕೋರಾ ಕುಡಿಯುತ್ತಿದ್ದಳು. ತುಟಿಗಿಡುವ ಮೊದಲೇ ಹೂವಿನಂಥದೊಂದು ಘಮ. "ಮ್ಯಾಲ ಥಂಡಿ ಭಾಳ. ಎಲಿ ಸಾವಕಾಶ ಬೆಳಿತಾವ, ಅದಕ್ಕ ಈ ವಾಸನಿ" ಎಂದು ಕೂಸಿನ ಹೆಸರಿಡಲು ಬಂದಾಗ ಅವನೇ ಹೇಳಿದ್ದ. ಕೂಸಿಗೆ ಆಗ ಹದಿಮೂರು ದಿನ. ಈಗ ಎಂಟು ತಿಂಗಳು.

ಈ ಸಲದ ಚೀಲ ಬಿಚ್ಚಿದ ದಿನ ಕೆಂಚವ್ವ ಕೇಳಿ ಹಾಕಿಸಿಕೊಂಡು ಎರಡು ಬಸಿ ಕುಡಿದಳು. "ಚಾ ಅಂದ್ರ ಇದು. ಹುಡುಗ ಕಡೀಕ ಶಾಣ್ಯಾ ಆದಾ." ಮಂಗಲಳಿಗೆ ಒಂದು ಗುಟುಕೂ ಇಳಿಯಲಿಲ್ಲ. ಚೀಲದಲ್ಲಿ ಇದ್ದದ್ದು ಯಾವ ಪೇಟೆಯಲ್ಲೂ ಸಿಗುವ ಸಣ್ಣ ಪುಡಿ.

ತೋಟದ ಆಫೀಸಿನ ನಂಬರು ಅವಳ ಬಳಿ ಇತ್ತು. ಎರಡು ಸಲ ಎಸ್‌ಟಿಡಿ ಬೂತಿನವರೆಗೆ ಹೋಗಿ, ಕೂಸು ಅಳುತ್ತದೆ ಎಂದು ತನಗೆ ತಾನೇ ನೆವ ಹೇಳಿಕೊಂಡು ಹಿಂದಿರುಗಿದ್ದಳು. ಕೂಸು ಹೆಗಲ ಮೇಲೆ ನಿದ್ದೆ ಹೋಗಿತ್ತು. ಜ್ವರವೋ, ಇನ್ನೊಬ್ಬಳೋ, ಕಾಲು ಜಾರಿ ಕಂದಕಕ್ಕೆ ಬಿದ್ದನೋ. ಕೇಳದೆ ಇರುವಷ್ಟು ದಿನ ಇದ್ಯಾವುದೂ ಆಗಿರುವುದಿಲ್ಲವಲ್ಲ.

ಐದನೆಯ ದಿನ ಡಬ್ಬಿಯ ತಳದಲ್ಲಿ ಉಳಿದಿದ್ದ ಹಳೆಯ ಎಲೆಯನ್ನು ಒಂದು ಪಾತ್ರೆಯಲ್ಲಿ, ಹೊಸ ಪುಡಿಯನ್ನು ಇನ್ನೊಂದರಲ್ಲಿ ಕುದಿಸಿದಳು. ಎರಡು ಕಪ್ಪು ಹಿಡಿದು ಕೊಟ್ಟಿಗೆಗೆ ಹೋದಳು. ಅಣ್ಣಾಸಾಬ ಎಮ್ಮೆಯ ಮೈ ತಿಕ್ಕುತ್ತಿದ್ದ.

"ಏನ್ರಿ ವೈನಿ, ಎಮ್ಮಿ ಮುಂದ ನಿಂತು ಹಾಲಿಲ್ಲದ ಚಾ ಕೊಡಾಕತ್ತೀರಿ. ಅದಕ್ಕ ಸಿಟ್ಟ ಬಂದೀತು."

"ಇದರಾಗ ನಿಮ್ಮಣ್ಣನ ಚಾ ಯಾವುದು, ಹೇಳು."

ಅವನ ನಗು ಅಲ್ಲೇ ನಿಂತಿತು. ಎರಡನ್ನೂ ಮುಟ್ಟಲಿಲ್ಲ.

"ಹೊಸಾದು ನಿಪ್ಪಾಣಿ ಪ್ಯಾಟ್ಯಾಗ ಕೊಂಡಿದ್ದು" ಎಂದ, ಎಮ್ಮೆಯ ಬೆನ್ನಿಗೆ ಹೇಳುವಂತೆ.

"ಜೀವಂತ ಅದಾರೋ ಇಲ್ಲೋ? ಅಷ್ಟ ಹೇಳು."

"ಅದಾನ್ರಿ." ತಿಕ್ಕುವ ಕೈ ಸುಮ್ಮನಾಯಿತು. "ಶಿವರಾತ್ರಿ ಮುಂದ ಎಲಿ ಹೊಸಿಯೋ ಮಶೀನಿನಾಗ ಬಲಗೈ ಸಿಕ್ಕಿತು. ಮೊಣಕೈ ಮಟಾ ತಗದಾರ. ಲಾರಿಯವ್ರು ಬಂದು ಹೇಳಿದ್ರು. ಆಮ್ಯಾಲ ನಾನ ಎರಡು ಸಲ ಫೋನ್ ಹಚ್ಚಿದ್ದೆ."

"ನನಗ ಯಾಕ ಹೇಳಲಿಲ್ಲ?"

"ಆಣಿ ಹಾಕಿಸ್ಯಾನ್ರಿ. ಮಂಗಲಾನ ತವರವ್ರು ಫಿಟ್ಟರಗ ಹೆಣ್ಣ ಕೊಟ್ಟಾರ, ಕೈ ಇಲ್ಲದಾಂವಗ ಅಲ್ಲ ಅಂತಾನ. ಇನ್ನ ಈ ಊರ ಹೊಸ್ತಿಲಾ ತುಳಿಯಂಗಿಲ್ಲ ಅಂದಾನ. ಚಾ ಬರ್ತಿದ್ರ ನೀವೆಲ್ಲಾ ನೆಮ್ಮದಿಯಿಂದ ಇರ್ತೀರಿ ಅಂತ ನಾನ..."

ಮಂಗಲ ಕಪ್ಪುಗಳನ್ನು ಎಮ್ಮೆಗೆ ಮೇವು ಹಾಕುವ ಗ್ವಾದಲಿಯ ಅಂಚಿನ ಮೇಲಿಟ್ಟಳು. ಕೆಂಚವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲಿಗೆ ಎಂದು ಅವಳು ಕೇಳುವಷ್ಟರಲ್ಲಿ ಮಂಗಲ ಕೂಸನ್ನು ಎತ್ತಿಕೊಂಡು ಬೀದಿಗಿಳಿದಿದ್ದಳು.

ಬೂತಿನ ಬಾಳಾಸಾಬ ಎರಡು ಸಲ ನಂಬರು ಒತ್ತಿದ. "ಲೈನ್ ಸಿಗವಲ್ದು. ನಾಳೆ ಬರ್ರಿ ತಂಗಿ."

"ಇನ್ನೊಮ್ಮೆ ಹಚ್ಚರಿ."

ಮೂರನೆಯ ಸಲ ಯಾರೋ ತಮಿಳಿನಲ್ಲಿ ಮಾತಾಡಿದರು. ಅವಳು ಇಂಗ್ಲಿಷಿನಲ್ಲಿ ಗಂಡನ ಹೆಸರು ಹೇಳಿ, ಅವನ ಊರಿನಿಂದ ಫೋನ್ ಎಂದಷ್ಟೇ ಹೇಳಿದಳು. ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು. ಬಹಳ ಹೊತ್ತು ಯಂತ್ರಗಳ ಗುಂಯ್ ಎನ್ನುವ ದನಿಯಷ್ಟೇ ಕೇಳಿಸಿತು. ಆಮೇಲೆ ಕೆಮ್ಮು.

"ಹಲೋ. ಅಣ್ಣಾಸಾಬಾ?"

"ನಾನ್ರಿ."

ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು.

"ಎಲ್ಲಾ ಗೊತ್ತಾಗೇತಿ. ನೀವು ಬರಬ್ಯಾಡ್ರಿ. ಕೂಸಿನ ಕರಕೊಂಡು ನಾನ ಬರ್ತೀನಿ."

"ಬ್ಯಾಡ ಮಂಗಲಾ." ದನಿ ತೀರ ಸಣ್ಣದಾಯಿತು. "ಕೂಸಿನ ಎತ್ತಿಕೊಳ್ಳಾಕ ಬರಂಗಿಲ್ಲ ನನಗ."

"ನೀವು ಕುಂಡ್ರಿ. ನಾ ತೊಡಿ ಮ್ಯಾಲ ಹಾಕ್ತೀನಿ. ಮೈಸೂರಿನಿಂದ ಮುಂದ ಯಾವ ಬಸ್ಸು, ಅದನ್ನ ಹೇಳ್ರಿ."