ಶೈಲಶ್ರೀಯ ವೈಂಡಿಂಗ್ ಅಂಗಡಿ

ವಿಜಯಪುರದ ಕಾಲೇಜೊಂದರಲ್ಲಿ ಸ್ವಯಂ ಉದ್ಯೋಗದ ಬಗ್ಗೆ ಭಾಷಣ ಮಾಡಲು ನನ್ನನ್ನು ಕರೆದಿದ್ದರು. ಇಪ್ಪತ್ತಾರು ವರ್ಷ ಸರಕಾರಿ ಸಂಬಳ ಉಂಡವನಿಗಿಂತ ಯೋಗ್ಯರು ಇನ್ಯಾರು? “ಸ್ವಂತ ಉದ್ಯೋಗ ಮಾಡುವವರು ಕೈ ಎತ್ತಿ” ಎಂದೆ. ಹಿಂದಿನ ಬೆಂಚಿನಲ್ಲಿ ಒಂದೇ ಒಂದು ಕೈ ಎದ್ದಿತು. ನೀರು ಕುಡಿಯಲು ಹೊರಗೆ ಹೋಗಬೇಕೇನೋ ಎಂದುಕೊಂಡು, “ಹೋಗಮ್ಮ, ಬೇಗ ಬಾ” ಎಂದುಬಿಟ್ಟೆ.

ಅವಳು ಶೈಲಶ್ರೀ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಯನ್ನು ಬಬಲೇಶ್ವರದಲ್ಲಿ ಆಗಲೇ ಇಟ್ಟಿದ್ದಾಳೆಂದು ಆಮೇಲೆ ತಿಳಿಯಿತು. ತಪ್ಪೊಪ್ಪಿಕೊಳ್ಳಲು ಹೋದೆ.

ಅಂಗಡಿಯ ಬಾಗಿಲಲ್ಲೇ ಅವಳ ಅಪ್ಪ ಅಮರಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಹೊಸ ಬೀಗವಿತ್ತು. ಬಂದ ಗಿರಾಕಿಗೆಲ್ಲ ನಗುನಗುತ್ತಲೇ ಹೇಳುತ್ತಿದ್ದರು: “ಸೋಮವಾರದಿಂದ ಅಂಗಡಿ ಬಂದ್ ರೀ. ಮಗಳು ಪಿಎಸ್‌ಐ ಕೋಚಿಂಗಿಗೆ ಹೊಂಟಾಳ. ನಿಮ್ಮ ಮೋಟರ ಒಯ್ರಿ.”

“ನಾ ಎಲ್ಲಿಗೂ ಹೋಗಂಗಿಲ್ಲ ಯಪ್ಪಾ!” ಎಂದಳು ಅವಳು ಒಳಗಿನಿಂದ.

“ಹೋಗ್ತಾಳ್ರಿ” ಎಂದು ಅವರು ಗಿರಾಕಿಗೇ ಹೇಳಿದರು. ದನಿ ಏರಿಸಲಿಲ್ಲ.

ನಾನಿದ್ದ ಅರ್ಧ ಗಂಟೆಯಲ್ಲಿ ಮೂವರು ಅರೆಬರೆ ಬಿಚ್ಚಿದ ಮೋಟಾರುಗಳನ್ನು ಬೈಕಿಗೆ ಕಟ್ಟಿಕೊಂಡು ಹೋದರು. ನೆಲದ ಮೇಲೆ ಎಣ್ಣೆಯ ದುಂಡು ಕಲೆಗಳು ಉಳಿದವು. ಕೊನೆಯ ಮೋಟಾರಿಗೆ ಅವಳು ತಂತಿ ಸುತ್ತುತ್ತಲೇ ಇದ್ದಳು. ಅದರ ಮಾಲೀಕ ರಸ್ತೆ ದಾಟಿ ಬರುವುದು ಕಾಣುತ್ತಿತ್ತು.

ನಾನು ಪೆನ್ನು ತೆಗೆದು ಗಂಭೀರವಾಗಿ ಕೇಳಿದೆ: “ವಿದ್ಯಾರ್ಥಿಗಳು ಸ್ವಯಂ ಉದ್ಯೋಗಕ್ಕೆ ಬರದಿರಲು ಮುಖ್ಯ ಕಾರಣ ಏನಮ್ಮ?”

ಅವಳು ತಲೆ ಎತ್ತಲಿಲ್ಲ.

“ಬಾಗಲದಾಗ ಕುಂತಾನ ನೋಡ್ರಿ.”